ಹದಿಮೂರು ವರ್ಷದ ಮ್ಯಾಲ ವಾಪಸ್ ಬಂದ ಹೀರೋ: ಸೂಪರ್‌ಮ್ಯಾನ್ ಅಲ್ಲ, ನಮ್ಮ ಬಾದಾಮಿ ವಿಕ್ರಮಾದಿತ್ಯ

(ಪಾಡ್‌ಕಾಸ್ಟ್ ಎಪಿಸೋಡಿನ ಅಕ್ಷರರೂಪ)

ಬಸ್ಸಿನ್ಯಾಗ ಕಿಟಕಿ ಪಕ್ಕ ಕುಂತವ್ರಿಗೆ, ಅಂಗಡ್ಯಾಗ ಗಿರಾಕಿ ಇಲ್ಲದಾಗ ಒಂದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡವ್ರಿಗೆ, ರಾತ್ರಿ ಲೈಟ್ ಆರಿಸಿ ಕೇಳೋರಿಗೆ, ಹುನಗುಂದದಿಂದ ನಮಸ್ಕಾರ. ಈ ವಾರದ ವಿಷಯ ಸೂಪರ್‌ಹೀರೋ.

ಆದ್ರ ಹಾರೋದು, ಗುದ್ದೋದು, ಬಿಲ್ಡಿಂಗ್ ಉರುಳೋದರ ಬಗ್ಗೆ ಅಲ್ರಿ. ನನ್ನ ಪ್ರಶ್ನೆ ಬ್ಯಾರೆ ಐತಿ. ಹೀರೋ ಭಾಳ ವರ್ಷ ಊರಾಗ ಇರ್ಲಿಲ್ಲ. ಒಂದಿನ ವಾಪಸ್ ಬಂದ. ಅವನ ಮುಂದ ಮಾಡಬೇಕಾದ ಕೆಲಸ ಐತಿ, ಮನಿ ಐತಿ, ಸಂಬಂಧಗಳು ಅದಾವ. ಮೂರೂ ಅವನಿಲ್ಲದಾಗ ಬದಲಾಗಿ ಹೋಗ್ಯಾವ. ಈಗ ಅವನು ಮೊದಲು ಯಾವುದಕ್ಕ ಕೈ ಹಾಕಬೇಕು?

ಇದಕ್ಕ ಉತ್ತರ ಹುಡುಕಾಕ ನಾನು ಹಾಲಿವುಡ್‌ನಿಂದ ಶುರು ಮಾಡ್ತೀನಿ, ಆದ್ರ ಮುಗಿಸೋದು ಬಾದಾಮಿ ಒಳಗ. ಯಾಕಂದ್ರ ಈ ಕಥಿ ನಮ್ಮ ಹೊಳಿ ದಂಡಿ ಮ್ಯಾಲ 1,300 ವರ್ಷದ ಹಿಂದೆ ನಿಜವಾಗಿ ನಡೆದೈತಿ.

ಸಿನಿಮಾದವರು ಏನು ಹೇಳ್ತಾರ?

2006ರಾಗ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಅಂತ ಸಿನಿಮಾ ಬಂತು. ನಿರ್ದೇಶಕ ಬ್ರಯಾನ್ ಸಿಂಗರ್, ಹೀರೋ ಬ್ರ್ಯಾಂಡನ್ ರೌತ್. ತಾನು ಹುಟ್ಟಿದ ಗ್ರಹದಾಗ ಏನಾದ್ರೂ ಉಳಿದೈತೇನು ಅಂತ ನೋಡಾಕ ಹೋದ ಸೂಪರ್‌ಮ್ಯಾನ್ 5 ವರ್ಷ ಆದ ಮ್ಯಾಲ ಭೂಮಿಗೆ ಬರ್ತಾನ. ವಿಮಾನ ಬೀಳೋದನ್ನ ತಡೀತಾನ. ಸ್ಟೇಡಿಯಂ ತುಂಬ ಚಪ್ಪಾಳೆ. ಅಂದ್ರ ಕೆಲಸಕ್ಕ ವಾಪಸ್ ಸೇರೋದು ಅವನಿಗೆ ಕಷ್ಟ ಆಗಂಗಿಲ್ಲ, ಒಂದೇ ದಿನದಾಗ ಆಗಿಹೋಗ್ತದ.

ಕಷ್ಟ ಆಗೋದು ಲೋಯಿಸ್ ಲೇನ್ ಹತ್ರ. ಅವಳಿಗೆ ಈಗ ಒಬ್ಬ ಮಗ ಅದಾನ, ರಿಚರ್ಡ್ ಅನ್ನೋ ಸಂಗಾತಿ ಅದಾನ. ಮ್ಯಾಲ, ಜಗತ್ತಿಗೆ ಸೂಪರ್‌ಮ್ಯಾನ್ ಯಾಕ ಬೇಕಾಗಿಲ್ಲ ಅಂತ ಲೇಖನ ಬರೆದು ಪುಲಿಟ್ಜರ್ ಪ್ರಶಸ್ತಿ ಗೆದ್ದಾಳ. ಆ ರಿಚರ್ಡ್ ಕೆಟ್ಟವನಲ್ಲ ಅನ್ನೋದು ಆ ಕಥಿಯ ಒಳ್ಳೆ ಭಾಗ. ಸೂಪರ್‌ಮ್ಯಾನ್ ಇಲ್ಲದಾಗ ಆ ಹುಡುಗನ್ನ ಸಾಕಿದವನು, ಸಾಲಿಗೆ ಬಿಟ್ಟು ಬಂದವನು ಅವನೇ. ಅಂಥವನ್ನ ಗುದ್ದಿ ಹೊರಗ ಹಾಕಾಕ ಆಗ್ತದೇನು?

‘ಅವೆಂಜರ್ಸ್: ಎಂಡ್‌ಗೇಮ್’ 2019ರ ಸಿನಿಮಾ, ನಿಮ್ಮೊಳಗ ಭಾಳ ಮಂದಿ ನೋಡಿರ್ತೀರಿ. ಆಂಟ್‌ಮ್ಯಾನ್ ಸ್ಕಾಟ್ ಲ್ಯಾಂಗ್ ಕ್ವಾಂಟಮ್ ಲೋಕದಿಂದ ಹೊರಗ ಬರ್ತಾನ. ಅವನ ಲೆಕ್ಕದಾಗ 5 ತಾಸು ಆಗೇದ, ಮನಿಯವ್ರ ಲೆಕ್ಕದಾಗ 5 ವರ್ಷ. ಬಾಗಿಲು ತೆಗೆದ ಮಗಳು ಕ್ಯಾಸಿ ದೊಡ್ಡಾಕಿ ಆಗಿಬಿಟ್ಟಾಳ.

ಇಲ್ಲೊಂದು ಮಾತು ಹಿಡ್ಕೊಳ್ರಿ, ಎಪಿಸೋಡ್ ತುಂಬ ಬೇಕಾಗ್ತದ. ಹೋದವನ ಗಡಿಯಾರ ಬ್ಯಾರೆ, ಮನ್ಯಾಗ ಉಳಿದವರ ಗಡಿಯಾರ ಬ್ಯಾರೆ. ಹೋದವನ ತಲಿಯೊಳಗ ಮನಿ ಅಂದ್ರ ಅವನು ಬಿಟ್ಟುಹೋದ ದಿನದ ಫೋಟೋ. ಉಳಿದವರು ಆ ಫೋಟೋ ದಾಟಿ ಎಷ್ಟೋ ದೂರ ಬಂದಿರ್ತಾರ.

ಅಪ್ಪನದೂ ಇದೇ ಕಥಿ

ಈಗ ಬರ್ರಿ ಐಹೊಳಿಗೆ. ನಮ್ಮ ಹುನಗುಂದ ತಾಲೂಕಿನ ಊರು, ಮಲಪ್ರಭಾ ದಂಡಿ. ಸಾಲಿ ಟ್ರಿಪ್ಪಿಗೆ ಹೋಗಿ ದುರ್ಗಾ ಗುಡಿ ಮುಂದ ಫೋಟೋ ತೆಗೆಸಿಕೊಂಡು ಬಂದವರೇ ನಾವೆಲ್ಲ. ಆದ್ರ ಗುಡ್ಡದ ಮ್ಯಾಲಿನ ಮೇಗುತಿ ಜೈನ ಬಸದಿ ತನಕ ಹತ್ತಿದವರು ಕಡಿಮಿ. ಆ ಬಸದಿಯ ಗೋಡಿ ಮ್ಯಾಲ ರವಿಕೀರ್ತಿ ಅನ್ನೋ ಕವಿ ಬರೆದ ಸಂಸ್ಕೃತ ಶಾಸನ ಐತಿ. ಶಕ ವರ್ಷ 556, ಅಂದ್ರ ಕ್ರಿ.ಶ. 634. ಅದರ ಹೀರೋ ಇಮ್ಮಡಿ ಪುಲಿಕೇಶಿ, ಉತ್ತರದ ಹರ್ಷನನ್ನ ನರ್ಮದಾ ಕಡೆ ತಡೆದವನು.

ಪಠ್ಯಪುಸ್ತಕದಾಗ ನಾವು ಹರ್ಷನ ಯುದ್ಧ ಒಂದನ್ನೇ ಓದ್ತೀವಿ. ಅದಕ್ಕೂ ಮೊದಲಿನ ಮನಿ ಕಥಿಯನ್ನೂ ರವಿಕೀರ್ತಿ ಬರೆದಾನ. ಪುಲಿಕೇಶಿಯ ಅಪ್ಪ ಒಂದನೇ ಕೀರ್ತಿವರ್ಮ ಸತ್ತಾಗ ಹುಡುಗ ಇನ್ನೂ ಸಣ್ಣವ. ರಾಜ್ಯ ನಡೆಸಿದವನು ಕಾಕಾ ಮಂಗಳೇಶ. ಬಾದಾಮಿಯ ಮೂರನೇ ಗುಹೆಯ 578ರ ಶಾಸನದಾಗ ಹೆಸರು ಇರೋದು ಇದೇ ಮಂಗಳೇಶನದು. ಹುಡುಗ ದೊಡ್ಡವನಾದ ಮ್ಯಾಲ ಕಾಕಾ ಗಾದಿ ಬಿಡ್ಲಿಲ್ಲ, ತನ್ನ ಮಗನಿಗೇ ಕೊಡಬೇಕು ಅಂದ್ಕೊಂಡ. ಪುಲಿಕೇಶಿ ರಾಜಧಾನಿ ಬಿಟ್ಟು ಹೊರಗ ಹೋದ. ಮಂದಿ ಕೂಡಿಸಿದ, ಬಲ ಕಟ್ಟಿದ, ವಾಪಸ್ ಬಂದ, ಯುದ್ಧ ಮಾಡಿದ. ಮಗನಿಗೆ ಪಟ್ಟ ಕೊಡೋ ಪ್ರಯತ್ನ, ರಾಜ್ಯ, ಜೀವ, ಮೂರನ್ನೂ ಮಂಗಳೇಶ ಒಟ್ಟಿಗೆ ಕಳ್ಕೊಂಡ ಅಂತ ಶಾಸನ ಹೇಳ್ತದ.

ಹೀರೋ ಗೆದ್ದ, ಸರಿ. ಬಿಲ್ ಯಾರು ಕಟ್ಟಿದ್ರು? ರಾಜಮನೆತನ ಒಡೆದದ್ದು ಕಂಡ ಕೂಡಲೇ ಸಾಮಂತರು ತಲಿ ಎತ್ತಿದ್ರು. ಅಪ್ಪಾಯಿಕ, ಗೋವಿಂದ ಅನ್ನೋ ಇಬ್ಬರು ಭೀಮಾ ನದಿ ಕಡೆ ದಂಡು ತಗೊಂಡು ಬಂದ್ರು. ಒಳಗಿನ ಜಗಳಕ್ಕ ಹೊರಗಿನವರು ಬಡ್ಡಿ ವಸೂಲಿ ಮಾಡಾಕ ಬಂದಂಗ. ಪುಲಿಕೇಶಿ ಅದನ್ನೂ ನಿಭಾಯಿಸಿದ. ಆದ್ರ ಹೊರಗಿಂದ ಬಂದವನು ಮನಿಯವರನ್ನ ಸೋಲಿಸಿ ಗಾದಿ ಹಿಡೀಬೇಕು ಅನ್ನೋ ಪಾಠ ಆ ಮನಿಯೊಳಗ ಉಳಿದುಬಿಡ್ತು.

642: ಅಂಗಡಿ ಬಾಗಿಲು ಮುಚ್ಚಿದ ವರ್ಷ

ಐಹೊಳಿ ಶಾಸನ ಕೆತ್ತಿದ ಎಂಟೇ ವರ್ಷಕ್ಕ, 642ರ ಸುಮಾರಿಗೆ, ಎಲ್ಲಾ ತಲೆಕೆಳಗಾತು. ಪುಲಿಕೇಶಿ ಹಿಂದೆ ಕಂಚಿ ಮ್ಯಾಲ ಏರಿ ಹೋಗಿದ್ದ, ಪಲ್ಲವರ ಮಹೇಂದ್ರವರ್ಮನನ್ನ ಕಾಡಿದ್ದ. ಆ ಮಹೇಂದ್ರನ ಮಗ ನರಸಿಂಹವರ್ಮ, ಮಾಮಲ್ಲ ಅಂತ ಬಿರುದು. ಸೀದಾ ಬಾದಾಮಿಗೇ ಬಂದ, ಊರು ಹಿಡಿದ. ಪುಲಿಕೇಶಿ ಆ ಯುದ್ಧದಾಗ ಸತ್ತ ಅನ್ನೋದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ನರಸಿಂಹವರ್ಮ ‘ವಾತಾಪಿಕೊಂಡ’, ಅಂದ್ರ ವಾತಾಪಿ ಗೆದ್ದವನು ಅಂತ ಹೆಸರು ಪಡೆದ. ಅವನ ಶಾಸನ ಬಾದಾಮಿಯ ಬಂಡಿ ಮ್ಯಾಲ ಇವತ್ತೂ ಐತಿ. ನಮ್ಮ ಮನಿ ಗೋಡಿ ಮ್ಯಾಲ ಗೆದ್ದವನು ತನ್ನ ಬೋರ್ಡ್ ಹಾಕಿದಂಗ.

ಅಲ್ಲಿಂದ 655ರ ತನಕ, ಹದಿಮೂರು ವರ್ಷ, ಬಾದಾಮಿಯೊಳಗ ಚಾಲುಕ್ಯರ ಗಾದಿ ನೆಟ್ಟಗ ನಡೀಲಿಲ್ಲ.

ಹದಿಮೂರು ವರ್ಷ ಅಂದ್ರ ಎಷ್ಟು ಅಂತ ಯೋಚನೆ ಮಾಡ್ರಿ. ಒಂದನೇ ಕ್ಲಾಸಿಗೆ ಹೋದ ಹುಡುಗಿ ಡಿಗ್ರಿ ಮೊದಲ ವರ್ಷಕ್ಕ ಬಂದಿರ್ತಾಳ. ರಾಜನ ಹೆಸರಿನ್ಯಾಗ ಕೊಟ್ಟ ಭೂಮಿ ಯಾರ್ಯಾರೋ ಉಳುಮಿ ಮಾಡಿರ್ತಾರ. ಗುಡಿಗೆ ಬಿಟ್ಟ ಉಂಬಳಿ ನಿಂತು ಹೋಗಿರ್ತದ. ‘ರಾಜ ಬರ್ತಾನ’ ಅಂತ ಕಾದವರೊಳಗ ಅರ್ಧ ಮಂದಿ ಸತ್ತಿರ್ತಾರ, ಉಳಿದರ್ಧ ಮಂದಿ ಕಾಯೋದನ್ನ ಬಿಟ್ಟಿರ್ತಾರ.

ಮನ್ಯಾಗ ಉಳಿದವರು ಯಾರು?

ಪುಲಿಕೇಶಿಗೆ ಒಬ್ಬನೇ ಮಗ ಅಲ್ಲ. ಶಾಸನಗಳಿಂದ ನಮಗೆ ಗೊತ್ತಾಗೋ ಹೆಸರುಗಳೊಳಗ ನಾಲ್ಕು: ಆದಿತ್ಯವರ್ಮ, ಚಂದ್ರಾದಿತ್ಯ, ವಿಕ್ರಮಾದಿತ್ಯ, ಜಯಸಿಂಹವರ್ಮ. ನಮ್ಮ ಹೀರೋ ವಿಕ್ರಮಾದಿತ್ಯ, ಹಿರಿಮಗ ಅಲ್ಲ.

ಆದಿತ್ಯವರ್ಮನ ಒಂದು ತಾಮ್ರಪಟ ಕರ್ನೂಲ್ ಕಡೆ ಸಿಕ್ಕೈತಿ. ಅದರಾಗ ಅವನು ಸಣ್ಣ ಅಧಿಕಾರಿ ಹಂಗ ಮಾತಾಡಂಗಿಲ್ಲ, ಸಾರ್ವಭೌಮ ರಾಜರ ಬಿರುದುಗಳನ್ನೇ ಹಾಕ್ಕೊಂಡಾನ. ಅಂದ್ರ ರಾಜಧಾನಿ ಕೈಯಾಗ ಇಲ್ಲದಿದ್ರೂ ‘ನಾನೇ ಮಾಲಕ’ ಅಂತ ಬೋರ್ಡ್ ಹಾಕಿದ ಅಣ್ಣ.

ಚಂದ್ರಾದಿತ್ಯನ ಬಗ್ಗೆ ಗೊತ್ತಾಗೋದು ಅವನ ಹೆಂಡ್ತಿಯಿಂದ. ಹೆಸರು ವಿಜಯಭಟ್ಟಾರಿಕಾ. ಇವತ್ತಿನ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲಾದಾಗ ನೇರೂರು, ಕೊಚ್ರೆ ಅಂತ ಊರು ಅದಾವ. ಅಲ್ಲಿ ಸಿಕ್ಕ ತಾಮ್ರಪಟಗಳನ್ನ ಹೊರಡಿಸಿದ್ದು ಗಂಡ ಅಲ್ಲ, ಆಕಿ. ಭೂಮಿ ದಾನ ಕೊಡೋಳು ಆಕಿ, ಆಜ್ಞೆ ಆಕಿದು. ನೇರೂರಿನ ಪಟದಾಗ ‘ತನ್ನ ಆಳ್ವಿಕೆಯ 5ನೇ ವರ್ಷ’ ಅಂತ ಲೆಕ್ಕ ಬರ್ತದ. ಸಂಸ್ಕೃತದಾಗ ವಿಜ್ಜಿಕಾ ಅನ್ನೋ ಹೆಸರಾಂತ ಕವಯಿತ್ರಿ ಇದ್ದಾಳ, ಆಕಿ ಈಕಿನೇ ಅಂತ ಕೆಲವು ವಿದ್ವಾಂಸರು ಹೇಳ್ತಾರ.

ನಮ್ಮ ಕಡೆ ಮಾತಿನ್ಯಾಗ ಹೇಳೋದಾದ್ರ, ವಿಕ್ರಮಾದಿತ್ಯನಿಗೆ ಈಕಿ ವೈನಿ. ಮೈದುನ ಯುದ್ಧ ಮಾಡಿಕೊಂಡು ಓಡಾಡೋ ಹೊತ್ತಿನ್ಯಾಗ ಕೊಂಕಣ ಕಡೆ ಕಚೇರಿ ತೆರೆದು ಕುಂತಾಕಿ. ಕತ್ತಿ ಹಿಡಿದವನ ಮ್ಯಾಲ ನಾವು ಸಿನಿಮಾ ಮಾಡ್ತೀವಿ, ಕಚೇರಿ ನಡೆಸಿದಾಕಿ ಮ್ಯಾಲ ಮಾಡಂಗಿಲ್ಲ. ಆದ್ರ ಊರು ಉಳಿಯೋದು ಇಬ್ಬರಿಂದ.

ಒಂದು ಕುದರಿ, ಒಂದು ಕತ್ತಿ

655ರ ಹೊತ್ತಿಗೆ ವಿಕ್ರಮಾದಿತ್ಯ ಬಾದಾಮಿ ಗಾದಿ ವಾಪಸ್ ತಗೊಂಡ. ಗಂಗ ಅರಸರ ನೆರವು ಸಿಕ್ಕಿತ್ತು, ಅದು ತಾಯಿ ಕಡೆ ಸಂಬಂಧದ ನೆರವು ಅಂತ ಭಾಳ ಇತಿಹಾಸಕಾರರ ಮಾತು. ಶಾಸನದಾಗ ಮಾತ್ರ ಇದನ್ನ ಪಕ್ಕಾ ಸೂಪರ್‌ಹೀರೋ ಸೀನ್ ಮಾಡಿ ಬರೆದಾರ. ಅವನ ಹತ್ರ ಚಿತ್ರಕಂಠ ಅನ್ನೋ ಕುದರಿ ಇತ್ತಂತ. ಆ ಒಂದು ಕುದರಿ, ಕೈಯಾಗ ಒಂದು ಕತ್ತಿ, ಇಷ್ಟರಿಂದ ಯುದ್ಧ ಗೆದ್ದು, ಮೂವರು ರಾಜರು ಮುಚ್ಚಿಹಾಕಿದ್ದ ಅಪ್ಪನ ಸಿರಿಯನ್ನ ವಾಪಸ್ ತಂದ ಅಂತ ವರ್ಣನೆ. ಬ್ಯಾಟ್‌ಮ್ಯಾನ್‌ಗೆ ಕಾರು ಇದ್ದಂಗ, ಇವನಿಗೆ ಚಿತ್ರಕಂಠ. ರಣರಸಿಕ ಅಂತ ಬಿರುದೂ ಇತ್ತು.

ಆದ್ರ ನನಗ ಹಿಡಿಸಿದ್ದು ಕುದರಿ ಅಲ್ಲ. ಅದರ ಬೆನ್ನಿಗೇ ಬರೋ ಇನ್ನೊಂದು ಸಾಲಿನ ವಿಷಯ. ಮೂರು ರಾಜ್ಯಗಳ ಗದ್ದಲದಾಗ ನಿಂತುಹೋಗಿದ್ದ ದೇವಸ್ಥಾನಗಳ, ಬ್ರಾಹ್ಮಣರ ದತ್ತಿಗಳನ್ನ ಅವನು ಸ್ವತಃ ಬಾಯಿಮಾತಿನಿಂದಲೇ ಮತ್ತೆ ಚಾಲೂ ಮಾಡಿಸಿದ ಅಂತ ಅಲ್ಲಿ ಐತಿ.

ನಾನು ಬಿಕಾಂ ಓದಿದವ, ನನಗ ಇದು ಹಿಂಗ ಕಾಣ್ತದ: ಕಂಪನಿಗೆ ಹೊಸ ಮಾಲಕ ಬಂದ. ಮೊದಲು ಮಾಡಿದ್ದು ಹಳೆ ಸಾಲ ಒಪ್ಪಿಕೊಳ್ಳೋದು. ‘ನಮ್ಮಪ್ಪನ ಕಾಲದಾಗ ನಿಮಗ ಕೊಟ್ಟ ಮಾತು ಇನ್ನೂ ಜೀವಂತ ಐತಿ, ನಡುವಿನ ಹದಿಮೂರು ವರ್ಷ ನಾನು ಇರ್ಲಿಲ್ಲ ಅಂತ ಅದು ರೈಟ್ ಆಫ್ ಆಗಂಗಿಲ್ಲ.’ ವಾಪಸ್ ಬಂದವನ ಕರ್ತವ್ಯ ಅಂದ್ರ ಇದು. ಗೆಲ್ಲೋದು ಒಂದು ದಿನದ ಕೆಲಸ. ನಿಂತುಹೋದ ಬಾಕಿಗಳನ್ನ ಮತ್ತೆ ಶುರು ಮಾಡೋದು ವರ್ಷಗಟ್ಟಲೆ ಕೆಲಸ. ಜನ ನಂಬೋದು ಎರಡನೇದನ್ನ ನೋಡಿ.

ಪಾಲುದಾರ ಒಳಗ ಬಂದಾಗ

ಪಿಯುಸಿ ಕಾಮರ್ಸ್ ಮಾಡಿದವರಿಗೆ ನೆನಪಿರಬಹುದು, ಹೊಸ ಪಾಲುದಾರನ ಸೇರ್ಪಡೆ ಅಂತ ಒಂದು ಪಾಠ ಐತಿ. ನಡೆಯೋ ಫರ್ಮ್‌ಗೆ ಹೊಸಬ ಬಂದ್ರ ಮೂರು ಕೆಲಸ ಮಾಡ್ಬೇಕು. ಒಂದು, ಆಸ್ತಿ, ಸಾಲ ಎರಡನ್ನೂ ಇವತ್ತಿನ ಬೆಲಿಗೆ ಮತ್ತೆ ಲೆಕ್ಕ ಹಾಕೋದು, ಹಳೆ ಪುಸ್ತಕದ ಬೆಲಿ ನಡೆಯಂಗಿಲ್ಲ. ಎರಡು, ಹಳಬರು ತಮ್ಮ ಪಾಲಿನಿಂದ ಎಷ್ಟೆಷ್ಟು ಬಿಟ್ಟುಕೊಟ್ರು ಅಂತ ತ್ಯಾಗದ ಅನುಪಾತ ತೆಗೆಯೋದು. ಮೂರು, ಹೊಸಬ ಗುಡ್‌ವಿಲ್ ದುಡ್ಡು ತರ್ತಾನ, ಅದು ತ್ಯಾಗ ಮಾಡಿದವರಿಗೆ ಅದೇ ಅನುಪಾತದಾಗ ಹೋಗ್ಬೇಕು.

ದೂರದಿಂದ ಮನಿಗೆ ವಾಪಸ್ ಬಂದವನು ತಾನು ಹಳೆ ಮಾಲಕ ಅಂತ ತಿಳ್ಕೊಂಡಿರ್ತಾನ. ಮನಿ ಲೆಕ್ಕದಾಗ ಅವನು ಹೊಸ ಪಾಲುದಾರ. ವಿಕ್ರಮಾದಿತ್ಯನ ಮೂರು ಸಂಬಂಧಗಳನ್ನ ಈ ಲೆಕ್ಕದಾಗ ಇಟ್ಟು ನೋಡೋಣ.

ಮೊದಲನೇದು ತಮ್ಮ ಜಯಸಿಂಹವರ್ಮ. ಜತಿಗೆ ನಿಂತವನು. ವಿಕ್ರಮಾದಿತ್ಯ ಅವನಿಗೆ ಲಾಟ ಪ್ರದೇಶ, ಅಂದ್ರ ಇವತ್ತಿನ ದಕ್ಷಿಣ ಗುಜರಾತಿನ ಆಡಳಿತ ಕೊಟ್ಟ. ಜಯಸಿಂಹನ ಮಗ ಶ್ರ್ಯಾಶ್ರಯ ಶೀಲಾದಿತ್ಯನ 671ರ ನವಸಾರಿ ತಾಮ್ರಪಟದಾಗ, ನಮ್ಮ ಏಳಿಗೆ ಆದದ್ದು ದೊಡ್ಡಪ್ಪನಿಂದ ಅನ್ನೋ ಅರ್ಥದ ಮಾತು ಐತಿ. ಅಂದ್ರ ಕೊಟ್ಟಿದ್ದನ್ನ ಮುಂದಿನ ತಲಿಮಾರು ನೆನಸ್ತು. ಇದರ ಬಡ್ಡಿ ಭಾಳ ತಡವಾಗಿ ಬಂತು ನೋಡ್ರಿ. 738-39ರ ಹೊತ್ತಿಗೆ ಸಿಂಧ್ ಕಡೆಯಿಂದ ಬಂದ ಅರಬ್ ಸೈನ್ಯವನ್ನ ನವಸಾರಿ ಹತ್ರ ತಡೆದು ಸೋಲಿಸಿದವನು ಇದೇ ಜಯಸಿಂಹನ ಇನ್ನೊಬ್ಬ ಮಗ, ಅವನಿಜನಾಶ್ರಯ ಪುಲಕೇಶಿ. ಅಜ್ಜನ ಹೆಸರಿನವನೇ. ತಮ್ಮನಿಗೆ ಕೊಟ್ಟ ಪಾಲು ಎಷ್ಟೋ ದಶಕ ಆದ ಮ್ಯಾಲ ಇಡೀ ರಾಜ್ಯದ ಬಾಗಿಲು ಕಾಯ್ತು.

ಎರಡನೇದು ವೈನಿ ವಿಜಯಭಟ್ಟಾರಿಕಾ. ಆಕಿ ಹೊರಡಿಸಿದ ತಾಮ್ರಪಟದಾಗ ಒಂದು ಕಡೆ ತನ್ನ ಆಳ್ವಿಕೆ ವರ್ಷದ ಲೆಕ್ಕ ಐತಿ, ಇನ್ನೊಂದು ಕಡೆ ಮನೆತನದ ಸಿರಿ ವಾಪಸ್ ತಂದವನು ವಿಕ್ರಮಾದಿತ್ಯ ಅಂತ ಹೊಗಳಿಕೆನೂ ಐತಿ. ಇವೆರಡೂ ಒಂದೇ ತಗಡಿನ ಮ್ಯಾಲ ಇರೋದು ಸಣ್ಣ ಮಾತಲ್ಲ. ಆಕಿ ಮೈದುನನ ಗೆಲುವು ಒಪ್ಪಿಕೊಂಡಳು, ತನ್ನ ಕುರ್ಚಿ ಬಿಟ್ಟು ಏಳಲಿಲ್ಲ. ಇತ್ತ ಮೈದುನನ ರಾಜ್ಯದೊಳಗೇ ಆಕಿ ದಾನ ನಡೀತು. ಯಾರು ಎಷ್ಟು ಬಗ್ಗಿದ್ರು ಅಂತ ತಗಡು ಹೇಳಂಗಿಲ್ಲ. ಇಬ್ಬರಿಗೂ ಜಾಗ ಇತ್ತು ಅಂತ ಹೇಳ್ತದ.

ಮೂರನೇದು ಅಣ್ಣಂದಿರು. ಇಲ್ಲಿ ಕಥಿ ಕತ್ತಲಾಗ್ತದ. ವಿಕ್ರಮಾದಿತ್ಯನ ಶಾಸನಗಳೊಳಗ ಅವನು ಪುಲಿಕೇಶಿಯ ‘ಪ್ರೀತಿಯ ಮಗ’. ಅಪ್ಪ ಆದ ಮ್ಯಾಲ ಸೀದಾ ಇವನೇ. ನಡುವ ಆದಿತ್ಯವರ್ಮ ಇಲ್ಲ, ಚಂದ್ರಾದಿತ್ಯ ಇಲ್ಲ. ಸಾರ್ವಭೌಮ ಬಿರುದು ಹಾಕ್ಕೊಂಡಿದ್ದ ಅಣ್ಣನ ಹೆಸರು ಮನಿ ವಂಶಾವಳಿಯಿಂದಲೇ ಮಾಯ. ಆ ತಾಮ್ರದ ತಗಡು ಮಣ್ಣಾಗ ಸಿಗದಿದ್ರ ಅಂಥವನೊಬ್ಬ ರಾಜ ಆಗಿದ್ದ ಅಂತ ನಮಗ ಗೊತ್ತೇ ಆಗ್ತಿರ್ಲಿಲ್ಲ.

ಇದು ನಮ್ಮ ಹೀರೋನ ಬ್ಯಾಲೆನ್ಸ್ ಶೀಟಿನ್ಯಾಗ ಸಸ್ಪೆನ್ಸ್ ಅಕೌಂಟ್. ತಮ್ಮನ ಲೆಕ್ಕ ಚುಕ್ತಾ, ವೈನಿ ಲೆಕ್ಕ ಹೊಂದಾಣಿಕೆ, ಅಣ್ಣಂದಿರ ಲೆಕ್ಕ ಖಾಲಿ. ಅಪ್ಪ ವಾಪಸ್ ಬಂದಾಗ ಕಾಕಾ ಸತ್ತ. ಮಗ ವಾಪಸ್ ಬಂದಾಗ ಅಣ್ಣಂದಿರ ಹೆಸರು ಅಳಿಸಿಹೋತು. ಒಂದು ತಲಿಮಾರಿನ್ಯಾಗ ಸ್ವಲ್ಪ ಸುಧಾರಣೆ ಆತು ಅನ್ನಬಹುದು. ಪೂರಾ ಆಗ್ಲಿಲ್ಲ.

ಸೇಡು ಅನ್ನೋ ಓವರ್‌ಟೈಮ್

ಗಾದಿ ಸಿಕ್ಕಿತು, ಮನಿ ಒಂದು ಮಟ್ಟಕ್ಕ ಕೂಡಿತು. ಇಲ್ಲಿಗೆ ಸಿನಿಮಾ ಮುಗೀಬೇಕಿತ್ತು. ಆದ್ರ ವಿಕ್ರಮಾದಿತ್ಯನ ತಲಿಯೊಳಗ ಕಂಚಿ ಇತ್ತು. ಅವನು ಪಲ್ಲವರ ಮ್ಯಾಲ ಏರಿ ಹೋದ, ಕಂಚಿ ಹಿಡಿದ. 674ರ ಗದ್ವಾಲ್ ತಾಮ್ರಪಟ ಕೊಟ್ಟದ್ದು ಬಾದಾಮಿಯಿಂದ ಅಲ್ಲ, ಕಾವೇರಿ ದಂಡಿಯ ಉರಗಪುರದ ಪಾಳ್ಯದಿಂದ. ಗಾದಿ ಹತ್ತಿ ಹತ್ತೊಂಬತ್ತು ವರ್ಷ ಆದ ಮ್ಯಾಲೂ ರಾಜ ಮನಿಯಿಂದ ದೂರನೇ ಇದ್ದ.

ಮಗ ವಿನಯಾದಿತ್ಯ ಅಪ್ಪನ ಆಜ್ಞೆ ಮ್ಯಾಲ ಪಲ್ಲವರ ವಿರುದ್ಧ ಹೋರಾಡಿದ. ಅಜ್ಜ ದಕ್ಷಿಣದಾಗ ಇದ್ದಾಗ ಮೊಮ್ಮಗ ವಿಜಯಾದಿತ್ಯ ಇತ್ತ ವೈರಿಗಳೆಂಬ ಮುಳ್ಳು ಕಿತ್ತ ಅಂತ ಶಾಸನಗಳು ಹೇಳ್ತಾವ. ಅಂದ್ರ ಅಜ್ಜನ ಸೇಡು ಮೂರು ತಲಿಮಾರಿನ ಫ್ಯಾಮಿಲಿ ಬಿಸಿನೆಸ್ ಆತು.

ಪಲ್ಲವರ ಕಡೆ ಕಥಿ ಕೇಳಿದ್ರ ಬ್ಯಾರೆನೇ. ಪೆರುವಳನಲ್ಲೂರು ಅನ್ನೋ ಕಡೆ ಪಲ್ಲವ ಪರಮೇಶ್ವರವರ್ಮ ಗೆದ್ದ. ಅವನ ಕೂರಂ ತಾಮ್ರಪಟದಾಗ, ಲಕ್ಷಗಟ್ಟಲೆ ಸೈನ್ಯ ಇದ್ದ ವಿಕ್ರಮಾದಿತ್ಯ ಒಂದು ಹರಕು ಬಟ್ಟಿ ಸುತ್ಕೊಂಡು ಓಡಿಹೋದ ಅಂತ ವರ್ಣನೆ ಐತಿ. ನಮ್ಮ ಶಾಸನದಾಗ ಒಂದು ಕುದರಿಯಿಂದ ಮೂರು ರಾಜರನ್ನ ಗೆದ್ದವನು, ಅವರ ಶಾಸನದಾಗ ಹರಕು ಬಟ್ಟಿಯವ. ಎರಡೂ ಕಡೆ ಆಸ್ಥಾನದ ಬರಹಗಾರರಿಗೆ ಪಗಾರ ಸಿಗ್ತಿತ್ತಲ್ರಿ! ಅದಕ್ಕ ಹೀರೋ ಕಥಿ ಕೇಳುವಾಗ ಎದುರು ಮನಿ ಕಥಿನೂ ಕೇಳ್ಬೇಕು.

ಈ ಸೇಡು ನಿಂತದ್ದು ಯಾವಾಗ? ವಿಕ್ರಮಾದಿತ್ಯನ ಮೊಮ್ಮಗನ ಮಗ, ಅದೇ ಹೆಸರಿನ ಇಮ್ಮಡಿ ವಿಕ್ರಮಾದಿತ್ಯ, 740ರ ಸುಮಾರಿಗೆ ಕಂಚಿ ಗೆದ್ದ. ನೂರು ವರ್ಷದ ಹಿಂದೆ ಬಾದಾಮಿ ಬಂಡಿ ಮ್ಯಾಲ ಪಲ್ಲವರು ಬೋರ್ಡ್ ಹಾಕಿದ್ರಲ್ಲ, ಈಗ ಕಂಚಿ ಇವನ ಕೈಯಾಗ. ಊರು ಸುಡಬಹುದಿತ್ತು. ಅವನು ಸುಡ್ಲಿಲ್ಲ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತು ನೋಡಿ, ಅದನ್ನ ದೇವರಿಗೇ ವಾಪಸ್ ಬಿಟ್ಟ. ಆ ಮಾತನ್ನ ಅದೇ ಗುಡಿ ಕಂಬದ ಮ್ಯಾಲ ಕನ್ನಡದಾಗ ಕೆತ್ತಿಸಿದ. ಇವತ್ತೂ ಕಂಚಿಪುರದಾಗ ಆ ಕನ್ನಡ ಶಾಸನ ಐತಿ. ಈ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದಳು, ಆಕಿ ತಂಗಿ ತ್ರೈಲೋಕ್ಯಮಹಾದೇವಿ ಪಕ್ಕದ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಳು. 1987ರಾಗ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಅದು. ಸೇಡು ತೀರಿಸಿಕೊಳ್ಳಾಕ ಹೋದ ಮನಿ ಕಡೀಕ ಗುಡಿ ಕಟ್ಟಿ ನಿಂತ್ಕೊಂಡಿತು. ಪಲ್ಲವರ ಗುಡಿಗಳ ಪ್ರಭಾವ ವಿರೂಪಾಕ್ಷದಾಗ ಕಾಣ್ತದ ಅಂತ ಕಲಾ ಇತಿಹಾಸಕಾರರು ಹೇಳ್ತಾರ. ವೈರಿ ಮನಿ ಡಿಸೈನ್ ಮೆಚ್ಚಿ ನಮ್ಮೂರಿಗೆ ತಂದಂಗ.

ನಮ್ಮ ಓಣಿಯ ವಿಕ್ರಮಾದಿತ್ಯರು

ಈಗ ಇಷ್ಟೆಲ್ಲಾ ಯಾಕ ಹೇಳಿದೆ? ನಮ್ಮ ಹುನಗುಂದ, ಇಳಕಲ್, ಬಾದಾಮಿ ಕಡೆ ಒಂದು ಓಣಿ ಹಿಡಿದು ನಡೀರಿ. ಗೋವಾಕ್ಕ ದುಡಿಯಾಕ ಹೋದವರ ಮನಿ, ಮಂಗಳೂರಿಗೆ ಹೋದವರ ಮನಿ, ಬೆಂಗಳೂರಾಗ ಕಟ್ಟಡ ಕೆಲಸಕ್ಕ ಹೋದವರ ಮನಿ, ಮಿಲಿಟರಿಗೆ ಸೇರಿದ ಹುಡುಗನ ಮನಿ ಸಿಗ್ತಾವ. ಮಕ್ಕಳ ಕಣ್ಣಾಗ ಅವರೇ ಸೂಪರ್‌ಹೀರೋ. ಪಂಚಮಿಗೆ, ದೀಪಾವಳಿಗೆ, ಜಾತ್ರಿಗೆ ಬರ್ತಾರ. ಬ್ಯಾಗಿನ್ಯಾಗ ಬಟ್ಟಿ, ಆಟಿಕಿ ಇರ್ತಾವ. ಹೋಗುವಾಗ ಅಮೀನಗಡದ ಕರದಂಟು ಕಟ್ಟಿಸ್ಕೊಂಡು ಹೋಗ್ತಾರ. ನಾಲ್ಕು ದಿನದ ಹೀರೋಗೆ ಯಾವ ತೊಂದ್ರಿನೂ ಇಲ್ಲ. ತೊಂದ್ರಿ ಶುರುವಾಗೋದು ಅವನು ಕಾಯಂ ವಾಪಸ್ ಬಂದಾಗ.

ನಮ್ಮ ದೊಡ್ಡಪ್ಪನ ಮಗ ಒಬ್ಬ ಅದಾನ. ಗೋವಾದಾಗ ಹನ್ನೊಂದು ವರ್ಷ ದುಡಿದು ಊರಿಗೆ ಬಂದ. ಹೊಲ ಬಿಡಿಸಿದ ದುಡ್ಡು ಅವನದು, ಮನಿ ಮ್ಯಾಲ ಆರ್‌ಸಿಸಿ ಹಾಕಿಸಿದ್ದು ಅವನು. ಬಂದ ಎರಡನೇ ವಾರ ಮಗಳು ಸಾಲಿ ಟ್ರಿಪ್ಪಿನ ಫಾರ್ಮ್ ತಂದಳು. ಅಪ್ಪ ಕಟ್ಟಿ ಮ್ಯಾಲ ಕುಂತಾನ. ಹುಡುಗಿ ಅಪ್ಪನ ಮುಂದೆ ಹಾದು ಒಳಗ ಹೋಗಿ, ‘ಕಾಕಾ, ಸಹಿ ಮಾಡು’ ಅಂದಳು. ಅಷ್ಟೇ. ಯಾರೂ ಜಗಳ ಮಾಡ್ಲಿಲ್ಲ. ಆದ್ರ ಅಣ್ಣ ಅವತ್ತು ರಾತ್ರಿ ಊಟ ಮಾಡ್ಲಿಲ್ಲ.

ಹುಡುಗಿ ಅಪ್ಪನ್ನ ಕಡೆಗಣಿಸಿದ್ದಲ್ಲ. ಜ್ವರ ಬಂದಾಗ ದವಾಖಾನಿಗೆ ಒಯ್ದವನು, ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿದವನು ಕಾಕಾ. ಆ ಸಹಿ ಹಕ್ಕು ಅವನು ಹನ್ನೊಂದು ವರ್ಷದಾಗ ಗಳಿಸಿದ್ದು. ಅಣ್ಣ ಗಳಿಸಿದ್ದು ಆರ್‌ಸಿಸಿ. ಎರಡೂ ಆಸ್ತಿನೇ, ಆದ್ರ ಬ್ಯಾರೆ ಬ್ಯಾರೆ ಖಾತೆದಾಗ ಅದಾವ. ಒಂದರಿಂದ ಇನ್ನೊಂದಕ್ಕ ಟ್ರಾನ್ಸ್‌ಫರ್ ಮಾಡಾಕ ಫೋನ್‌ಪೇ ಇಲ್ಲ.

ಅಣ್ಣ ಮಾಡಿದ್ದು ನನಗ ಭಾಳ ಹಿಡಿಸ್ತು. ಆ ವರ್ಷ ಪೂರ್ತಿ ಅವನು ಹೊಲದ ವಿಷಯ, ಮಕ್ಕಳ ವಿಷಯ, ಏನೇ ಇದ್ರೂ ತಮ್ಮನ್ನ ಕೇಳಿ ಮಾಡಿದ. ‘ಏನ್ ಮಾಡೋಣಪಾ?’ ಅಂತಿದ್ದ. ಮಗಳನ್ನ ದಿನಾ ಮುಂಜಾನೆ ಸಾಲಿ ತನಕ ನಡೆಸ್ಕೊಂಡು ಹೋಗ್ತಿದ್ದ. ಈಗ ಆಕಿ ಹತ್ತನೇ ಕ್ಲಾಸ್. ಫಾರ್ಮ್ ತಂದ್ರ ಯಾರು ಹತ್ರ ಇರ್ತಾರೋ ಅವರ ಕೈಗೆ ಕೊಡ್ತಾಳ.

ಹಂಗಾದ್ರ ವಾಪಸ್ ಬರೋರು ಏನ್ ಮಾಡಬೇಕು?

ವಿಕ್ರಮಾದಿತ್ಯನಿಂದ, ಸೂಪರ್‌ಮ್ಯಾನ್‌ನಿಂದ, ನಮ್ಮ ಅಣ್ಣನಿಂದ ನಾನು ತಗೊಂಡದ್ದು ನಾಲ್ಕು ಮಾತು.

ಒಂದು, ಹಳೆ ಫೋಟೋ ತೆಗೆದಿಡ್ರಿ. ಮನಿಯನ್ನ ಇವತ್ತಿನ ಬೆಲಿಗೆ ಮತ್ತೆ ಲೆಕ್ಕ ಹಾಕ್ರಿ. ಯಾರು ಈಗ ಏನು ಮಾಡ್ತಾರ, ಯಾರ ಮಾತು ಎಲ್ಲಿ ನಡೀತದ ಅಂತ ಮೊದಲು ನೋಡ್ರಿ.

ಎರಡು, ನಿಂತ ದತ್ತಿ ಚಾಲೂ ಮಾಡ್ರಿ. ನೀವು ಹೋಗೋ ಮುಂಚೆ ಕೊಟ್ಟ ಮಾತು ಏನಿತ್ತು? ಅವ್ವನ ಕಣ್ಣಿನ ಆಪರೇಷನ್ ಇರಬಹುದು, ತಂಗಿ ಓದು ಇರಬಹುದು, ಗೆಳೆಯನಿಗೆ ಕೊಡಬೇಕಾದ ಕೈಗಡ ಇರಬಹುದು. ಹೊಸ ಉಡುಗೊರಿಗಿಂತ ಹಳೆ ಬಾಕಿ ದೊಡ್ಡದು.

ಮೂರು, ತ್ಯಾಗದ ಅನುಪಾತ ತೆಗೀರಿ. ನೀವು ಇಲ್ಲದಾಗ ಯಾರು ಏನು ಬಿಟ್ರು? ಹೊಲ ನೋಡ್ಕೊಳ್ಳಾಕ ತಮ್ಮ ತನ್ನ ನೌಕರಿ ಬಿಟ್ಟಿರಬಹುದು. ನಿಮ್ಮ ಹೆಂಡ್ತಿ ಹನ್ನೊಂದು ವರ್ಷ ಒಬ್ಬಾಕಿನೇ ಎಲ್ಲಾ ನಿರ್ಧಾರ ತಗೊಂಡಿರಬಹುದು. ಅದನ್ನ ಬಾಯಿ ಬಿಟ್ಟು ಹೇಳ್ರಿ, ಮಂದಿ ಮುಂದೆ ಹೇಳ್ರಿ. ಆಸ್ತಿ ಪಾಲಿನ ಮಾತು ಬಂದಾಗ ಅದು ಕಾಗದದ ಮ್ಯಾಲೂ ಕಾಣಲಿ. ವಿಕ್ರಮಾದಿತ್ಯ ತಮ್ಮನಿಗೆ ‘ಥ್ಯಾಂಕ್ಸ್’ ಹೇಳಿ ಸುಮ್ಮನಾಗ್ಲಿಲ್ಲ, ಲಾಟ ಕೊಟ್ಟ.

ನಾಲ್ಕು, ಯಾರ ಹೆಸರನ್ನೂ ಅಳಿಸಬ್ಯಾಡ್ರಿ. ನಿಮ್ಮ ಕಥಿಯೊಳಗ ನೀವು ಒಂದು ಕುದರಿಯಿಂದ ಗೆದ್ದವರೇ ಇರಬಹುದು. ಆದಿತ್ಯವರ್ಮನ ತಗಡು ಮಣ್ಣಾಗ ಹೂತು ಹೋದ್ರೂ ಒಂದಿನ ಹೊರಗ ಬಂತು.

ಉಳಿದವರಿಗೂ ಒಂದು ಮಾತು ಐತಿ. ವಿಜಯಭಟ್ಟಾರಿಕಾನ ತಗಡು ನೆನಪಿಡ್ರಿ. ಬಂದವನ ಶ್ರಮ ಒಪ್ಪಿಕೊಳ್ರಿ, ಅದಕ್ಕಾಗಿ ನಿಮ್ಮ ಕುರ್ಚಿ ಬಿಟ್ಟು ಏಳಬೇಕು ಅಂತಿಲ್ಲ. ಒಂದೇ ತಗಡಿನ ಮ್ಯಾಲ ಎರಡೂ ಬರೀಬಹುದು.

ಈ ಸಲ ಬಾದಾಮಿಗೆ ಹೋದ್ರ ಗುಹೆ ನೋಡಿ, ಮಂಗ್ಯಾಗಳಿಂದ ಮೊಬೈಲ್ ಉಳಿಸ್ಕೊಂಡು ವಾಪಸ್ ಬರಬ್ಯಾಡ್ರಿ. ಅಗಸ್ತ್ಯ ಹೊಂಡದ ಮೆಟ್ಟಿಲ ಮ್ಯಾಲ ಹತ್ತು ನಿಮಿಷ ಕುಂದರ್ರಿ. ಹದಿಮೂರು ವರ್ಷ ಆದ ಮ್ಯಾಲ ಈ ನೀರು ನೋಡಿದವನಿಗೆ ಹೆಂಗ ಆಗಿರಬೇಕು, ಅವನು ಇಲ್ಲದಾಗ ದಿನಾ ಇಲ್ಲಿ ನೀರು ತುಂಬಿದವರಿಗೆ ಹೆಂಗ ಆಗಿರಬೇಕು, ಎರಡನ್ನೂ ಯೋಚನೆ ಮಾಡ್ರಿ.

ನಿಮ್ಮ ಮನ್ಯಾಗ ಹಿಂಗ ವಾಪಸ್ ಬಂದವರು ಇದ್ರ, ಈ ಎಪಿಸೋಡನ್ನ ಅವರೊಬ್ಬರಿಗೇ ಕಳಿಸಬ್ಯಾಡ್ರಿ. ಫ್ಯಾಮಿಲಿ ಗ್ರೂಪಿಗೇ ಹಾಕ್ರಿ, ಕಾಕಾನೂ ಕೇಳಲಿ. ಮುಂದಿನ ವಾರ ಸಿಗೋಣು. ನಮಸ್ಕಾರ್ರಿ.